ಬೆಂಡಾಗದ ಡಿಸ್ಕ್

ಸಂಡೂರಿನ ಕುಮಾರಸ್ವಾಮಿ ಬೆಟ್ಟ ಇಳಿಯುವಾಗ ಮೊದಲ ಸಲ ಗೊತ್ತಾಯಿತು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಪೆಡಲ್ ಪಾದದ ಕೆಳಗೆ ಮಿಡಿಯುತ್ತಿತ್ತು. ಬಳ್ಳಾರಿಗೆ ಬಂದು ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಚಕ್ರ ಬಿಚ್ಚುವ ಮುಂಚೆಯೇ ತೀರ್ಪು ಬಂತು. “ಡಿಸ್ಕ್ ಬೆಂಡಾಗೈತ್ರಿ ಸರ್, ಎರಡೂ ಹೊಸಾವು ಹಾಕ್ಬೇಕು.” ಹಾಕಿಸಿದೆ. ಎರಡು ತಿಂಗಳು ಗಾಡಿ ಬೆಣ್ಣೆಯ ಹಾಗೆ ನಿಂತಿತು. ಮೂರನೇ ತಿಂಗಳು ಮತ್ತೆ ಅದೇ ನಡುಕ.

ಮೂರೇ ತಿಂಗಳಿಗೆ ಹೊಸ ಡಿಸ್ಕ್ ಬೆಂಡಾಗುತ್ತದಾ? ಇದಕ್ಕೆ ಉತ್ತರ ಬೇಕಾದರೆ ಡಿಸ್ಕಿನ ಕೆಲಸ ಏನು ಅಂತ ಮೊದಲು ನೋಡಬೇಕು.

ಡಿಸ್ಕ್ ಅಂದರೆ ಚಕ್ರದ ಜತೆ ತಿರುಗುವ ಲೋಹದ ತಟ್ಟೆ. ಬ್ರೇಕ್ ಒತ್ತಿದರೆ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿದು, ಗಾಡಿಯ ಓಟವನ್ನು ಬಿಸಿಯಾಗಿ ಬದಲಿಸುತ್ತವೆ. ಜನರೂ ಸೇರಿ 1,200 ಕೆ.ಜಿ. ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 3 ಲಕ್ಷ ಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ನೀರು ಕುದಿ ಬರಲು ಹೆಚ್ಚುಕಮ್ಮಿ ಅಷ್ಟೇ ಬೇಕು. ಅಂದರೆ ಒಂದು ಸಲ ಗಾಡಿ ನಿಲ್ಲಿಸಿದರೆ ಹತ್ತು ಜನರ ಚಹಾಕ್ಕೆ ನೀರು ಕಾಯಿಸಿದ ಹಾಗೆ! ವೇಗ 40ಕ್ಕೆ ಇಳಿದರೆ ಈ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ವೇಗದ ವರ್ಗದ ಲೆಕ್ಕ ಅದು.

ಬ್ರೇಕ್ ಒತ್ತಿದಾಗ ಗಾಡಿ ಮುಂದಕ್ಕೆ ಬಾಗುತ್ತದೆ, ಅಲ್ವಾ? ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಡಿಸ್ಕಿನ ಬದಲು ಹಳೇ ಥರದ ಡ್ರಮ್ ಬ್ರೇಕ್ ಇದ್ದರೂ ನಡೆಯುವುದು ಅದಕ್ಕೇ. ಮುಕ್ಕಾಲು ಪಾಲಿನಷ್ಟು ಬಿಸಿ ಮುಂದಿನ ಎರಡು ಡಿಸ್ಕಿಗೆ ಹೋಯಿತು ಅಂತಿಟ್ಟುಕೊಳ್ಳಿ. ಒಂದೊಂದು 5 ಕೆ.ಜಿ. ಇದ್ದರೆ ಒಂದೇ ಸಲಕ್ಕೆ 40 ಡಿಗ್ರಿಗೂ ಜಾಸ್ತಿ ಬಿಸಿ ಏರುತ್ತದೆ. ಬೆಟ್ಟದ ಇಳಿಜಾರಿನ ಕಥೆ ಬೇರೆ. ಎತ್ತರದಲ್ಲಿ 100 ಮೀಟರ್ ಇಳಿದರೆ, 80ರ ವೇಗದಿಂದ ನಾಲ್ಕು ಸಲ ನಿಂತಷ್ಟು ಬಿಸಿ ಹುಟ್ಟುತ್ತದೆ. ಆರುವುದಕ್ಕೆ ಪುರುಸೊತ್ತೇ ಇಲ್ಲ. ಅದಕ್ಕೇ ಹಳೇ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿ ಅನ್ನುವುದು. ಆ ಬಿಸಿಯ ಒಂದು ಪಾಲನ್ನು ಎಂಜಿನ್ ಹೊರುತ್ತದೆ.

ಇಷ್ಟು ಬಿಸಿ ತಡೆಯಲು ಡಿಸ್ಕನ್ನು ಮಾಡುವುದು ಬೀಡು ಕಬ್ಬಿಣದಲ್ಲಿ. ಉಕ್ಕಿಗಿಂತ ಕೀಳು ಅಂತ ಮೂಗು ಮುರಿಯಬೇಡಿ. ಇದರಲ್ಲಿ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಇಂಗಾಲ ಇರುತ್ತದೆ. ಅದರಲ್ಲಿ ಬಹುಪಾಲು ಗ್ರಾಫೈಟ್ ಪದರಗಳಾಗಿ ಕಬ್ಬಿಣದೊಳಗೆ ಹರಡಿರುತ್ತದೆ. ಈ ಪದರಗಳು ಬಿಸಿಯನ್ನು ಬೇಗ ಒಯ್ಯುತ್ತವೆ, ಕಂಪನವನ್ನು ನುಂಗುತ್ತವೆ. ಇಂಥದ್ದು ಕೇವಲ ಮೂರು ತಿಂಗಳ ಓಡಾಟಕ್ಕೆ ಹಪ್ಪಳದ ಹಾಗೆ ಸೊಟ್ಟಗಾಗುವುದು ತೀರಾ ಅಪರೂಪ.

ಹಾಗಾದರೆ ನಡುಕ ಎಲ್ಲಿಂದ? ಕೌಲ್ ಬಜಾರ್ ಕಡೆಯ ಒಂದು ಲೇತ್ ಅಂಗಡಿಯ ವಯಸ್ಸಾದ ಮೇಸ್ತ್ರಿ ಅದನ್ನು ತೋರಿಸಿದರು. ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟು, ಅದು ಕೂರುವ ಹಬ್, ಅಂದರೆ ಚಕ್ರದ ನಡುವಿನ ಲೋಹದ ಭಾಗದ ಮೇಲೆ ಉಗುರಿನಿಂದ ಕೆರೆದರು. ಕೆಂಪು ಹಕ್ಕಳೆ ಎದ್ದು ಬಂತು. “ಡಿಸ್ಕಿಗೇನೂ ಆಗಿಲ್ರಿ. ತುಕ್ಕಿನ ಮ್ಯಾಲೆ ಕುಂತೈತಿ, ಅದಕ್ಕ ವಾಲೈತಿ.”

ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ತಿಂದ ಲೋಹದ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಹಬ್ಬಿನ ಒಂದು ಮಗ್ಗುಲಲ್ಲಿ 0.05 ಮಿ.ಮೀ. ತುಕ್ಕು ಕೂತರೆ ಡಿಸ್ಕಿನ ಅಂಚಿನಲ್ಲಿ ಅದು ಸುಮಾರು ಎರಡರಷ್ಟು ವಾಲಾಟವಾಗಿ ಕಾಣುತ್ತದೆ. ಹೊಸದಾಗಿ ಕೂರಿಸಿದ ದಿನ ಏನೂ ಗೊತ್ತಾಗುವುದಿಲ್ಲ. ಪ್ಯಾಡುಗಳು ಆ ವಾಲಾಟದ ಜತೆ ಆಚೀಚೆ ಸರಿಯುತ್ತಾ ಹೊಂದಿಕೊಳ್ಳುತ್ತವೆ.

ಕಿತಾಪತಿ ಆಮೇಲೆ. ನೀವು ಬ್ರೇಕ್ ಮುಟ್ಟದೆ ನೆಟ್ಟಗೆ ಓಡಿಸುತ್ತಿರುವಾಗಲೂ ಆ ವಾಲಿದ ಜಾಗ ಪ್ರತಿ ಸುತ್ತಿಗೊಮ್ಮೆ ಪ್ಯಾಡಿಗೆ ತಾಗಿ ಹೋಗುತ್ತದೆ. ಒಂದು ಕಿಲೋಮೀಟರಿಗೆ ಚಕ್ರ 500 ಸಲಕ್ಕಿಂತ ಹೆಚ್ಚು ಸುತ್ತುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವರಿಸಿಕೊಂಡು ಅಲ್ಲಿ ಡಿಸ್ಕ್ ತೆಳ್ಳಗಾಗುತ್ತದೆ. ಈಗ ಬ್ರೇಕ್ ಒತ್ತಿದರೆ ತೆಳು ಜಾಗದಲ್ಲಿ ಹಿಡಿತ ಸಡಿಲ, ದಪ್ಪ ಜಾಗದಲ್ಲಿ ಬಿಗಿ. ಅದೇ ನಡುಕ. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೂ ಕಾಲಿಗೆ ಗೊತ್ತಾಗಬಹುದು. ತಲೆಗೂದಲೇ ಅದಕ್ಕಿಂತ ದಪ್ಪ! ಎರಡು ತಿಂಗಳು ಚೆನ್ನಾಗಿದ್ದು ಮೂರನೇ ತಿಂಗಳು ಕೈಕೊಟ್ಟ ಗುಟ್ಟು ಇದೇ. ಚಕ್ರದ ಬೋಲ್ಟುಗಳನ್ನು ಎದುರುಬದುರು ಬಿಗಿಯದೆ, ಒಂದು ಪಕ್ಕದಿಂದ ಗನ್ ಹಿಡಿದು ಟರ್ರ್ ಅನ್ನಿಸಿದರೂ ಇದೇ ಗತಿ ಆಗಬಹುದು.

ಇನ್ನೊಂದು ಕಾರಣ ನಮ್ಮ ಕಾಲಿನದೇ. ಡಿಸ್ಕಿನ ಮೇಲೆ ಪ್ಯಾಡಿನ ಪದಾರ್ಥ ತೆಳ್ಳಗೆ ಲೇಪವಾಗಿರುತ್ತದೆ, ಇರಲೂಬೇಕು. ಇಳಿಜಾರಿನಲ್ಲಿ ಕಾಯಿಸಿ ತಂದ ಗಾಡಿಯನ್ನು ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ಹಿಡಿದು ನಿಲ್ಲಿಸಿದರೆ, ಪ್ಯಾಡಿನ ಆಕಾರದ ಅಚ್ಚು ಅಲ್ಲೇ ಅಂಟುತ್ತದೆ. ಅದೂ ಗಾಡಿಯನ್ನು ನಡುಗಿಸುತ್ತದೆ.

ಸಂಡೂರು ಸೀಮೆಯ ಕೆಂಪು ಧೂಳಿನ ಬಗ್ಗೆ ಎರಡು ಮಾತು. ಅದರಲ್ಲಿ ಹೆಮಟೈಟ್ ಇದೆ, ಅಂದರೆ ಕಬ್ಬಿಣದ ಆಕ್ಸೈಡ್. ತುಕ್ಕು ಅದರ ಹತ್ತಿರದ ನೆಂಟ. ಮಣ್ಣಿನಿಂದ ಕಷ್ಟಪಟ್ಟು ಬಿಡಿಸಿ ತಂದ ಕಬ್ಬಿಣ ಒಂದು ರಾತ್ರಿ ಮಳೆಯಾದರೆ ಸಾಕು, ಮತ್ತೆ ಮಣ್ಣಿನ ಬಣ್ಣಕ್ಕೆ ಹೊರಡುತ್ತದೆ. ಬೆಳಿಗ್ಗೆ ಡಿಸ್ಕಿನ ಮೇಲೆ ಕಾಣುವ ಕೆಂಪಿಗೆ ಗಾಬರಿ ಬೇಡ. ನಾಲ್ಕು ಸಲ ಬ್ರೇಕ್ ಹಾಕಿದರೆ ಉಜ್ಜಿಹೋಗುತ್ತದೆ. ಧೂಳಿನಲ್ಲಿರುವ ಮರಳಿನ ಕಣ ಮಾತ್ರ ಡಿಸ್ಕಿಗಿಂತ ಗಟ್ಟಿ. ಅದು ಪ್ಯಾಡಿನಲ್ಲಿ ಸಿಕ್ಕಿಕೊಂಡರೆ ಗ್ರಾಮಫೋನ್ ಪ್ಲೇಟಿನಂಥ ಗೆರೆ ಎಳೆಯುತ್ತದೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನಿಗೆ ಸೇರಿದರೆ ಪಿನ್ ಜಾಮ್ ಆಗಿ, ಒಳಗಿನ ಪ್ಯಾಡ್ ಪೂರ್ತಿ ಸವೆದರೂ ಹೊರಗಿನದು ಹೊಸದರ ಹಾಗೇ ಇರುತ್ತದೆ. ಹೊರಗಿನಿಂದ ಇಣುಕಿ “ಪ್ಯಾಡ್ ಇನ್ನೂ ಐತ್ರಿ” ಅಂದರೆ ನಂಬಬೇಡಿ. ಒಳಗಿನದನ್ನೂ ನೋಡಿ.

ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ. ಹತ್ತಿರ ಬಂದರೆ ಬದಲಿಸುವುದು ಒಳ್ಳೆಯದು. ತುಂಬಾ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದ ಮೇಲೆ ಅದು ಡಿಸ್ಕಿಗೆ ತಾಗಿ ಕೀಂಯ್ ಅನ್ನುತ್ತದೆ, ಬೇಕಂತಲೇ. 1902ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಪ್ಯಾಡಿಗೆ ತಾಮ್ರ ಬಳಸಿದ್ದರು. ಅದರ ಕಿರುಚಾಟಕ್ಕೆ ಜನ ಕಿವಿ ಮುಚ್ಚಿಕೊಳ್ಳಬೇಕಿತ್ತು.

ಪ್ಯಾಡ್ ಕೊಳ್ಳುವಾಗ ಅದರ ಬೆನ್ನು ಅಥವಾ ಅಂಚಿನಲ್ಲಿ ಅಚ್ಚಾದ ಅಕ್ಷರ ಹುಡುಕಿ. ಹಲವು ಪ್ಯಾಡುಗಳಲ್ಲಿ ಕೊನೆಗೆ ‘ಎಫ್‌ಎಫ್’ ಅಥವಾ ‘ಜಿಜಿ’ ಥರದ ಜೋಡಿ ಅಕ್ಷರ ಇರುತ್ತದೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ ಅಂತ, ಎರಡನೆಯದು ಕಾದ ಮೇಲೆ ಎಷ್ಟು ಅಂತ. ‘ಇ’ ಅಂದರೆ ಘರ್ಷಣೆಯ ಅಂಕಿ 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಬೆಟ್ಟ ಇಳಿಯುವವರು ಯೋಚಿಸಬೇಕು. ಇದು ಬಾಳಿಕೆಯ ಗುರುತಲ್ಲ, ಹಿಡಿತದ್ದು ಮಾತ್ರ. ಹೆಸರು, ನಂಬರ್ ಏನೂ ಇಲ್ಲದ ಪೆಟ್ಟಿಗೆಯನ್ನು “ಒರಿಜಿನಲ್ ಥರಾನೇ” ಅಂತ ಕೊಟ್ಟರೆ ವಾಪಸ್ ಕೊಡಿ. ನನ್ನ ಲೆಕ್ಕದಲ್ಲಿ ಸೀಟ್ ಕವರಿಗೆ ಚೌಕಾಸಿ ಮಾಡಬಹುದು, ಪ್ಯಾಡಿಗೆ ಬೇಡ. ಮತ್ತೆ, ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯಬಹುದು.

ಡಿಸ್ಕ್ ಕೊಳ್ಳುವ ಮುಂಚೆ ಹಳೆಯದನ್ನು ಅಳೆಸಿ. ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ನನ್ನದು ಹೊಸದರಲ್ಲಿ 22 ಮಿ.ಮೀ., ಮಿತಿ 20. ಮೇಸ್ತ್ರಿ ಹಬ್ಬನ್ನು ವೈರ್ ಬ್ರಷ್‌ನಿಂದ ತಿಕ್ಕಿ, ಡಿಸ್ಕುಗಳನ್ನು ಲೇತಿಗೆ ಹಾಕಿ ಎರಡೂ ಮುಖ ಒಂದಿಷ್ಟು ಸವರಿದರು. ಮತ್ತೆ ಕೂರಿಸಿ, ವಾಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರು. ಮುಳ್ಳು ಅಲುಗಲೇ ಇಲ್ಲ ಅನ್ನುವಷ್ಟು ಕಮ್ಮಿ ಅಲುಗಿತು. ದಪ್ಪ 21.8.

“ಮೊದಲಿನ ಡಿಸ್ಕ್ ಎಲ್ಲಿ ಅದಾವ್ರಿ? ಅವನ್ನೂ ನೋಡೋಣಂತ” ಅಂದರು ಮೇಸ್ತ್ರಿ.

ಅವನ್ನು ಆಗಲೇ ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟಿದ್ದೆ.