ಮಧ್ಯಾಹ್ನಕ್ಕೆ ಮಾತ್ರ ಸ್ಲೋ ಆಗೋ ಕಂಪ್ಯೂಟರ್

ಮುಂಬೈನ ಮಾಟುಂಗದಲ್ಲಿ ನಮ್ಮ ಸೋದರಮಾವಂದು ಒಂದು ಸಣ್ಣ ಹೋಟೆಲ್ ಉಂಟು. ಇಡ್ಲಿ, ವಡೆ, ದೋಸೆ, ಮಧ್ಯಾಹ್ನ ರೈಸ್ ಪ್ಲೇಟ್, ಅಷ್ಟೇ. ಅಲ್ಲಿನ ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟಾಗೆಲ್ಲ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡ್ಕೊಂಡು ಹೋಗೋ ಕರ್ಮ ನಂದು, ಯಾಕಂದ್ರೆ ಕುಟುಂಬದಲ್ಲಿ ಕಂಪ್ಯೂಟರ್ ಗೊತ್ತಿರೋನು ನಾನೊಬ್ಬನೇ ಅಂತ ಅವರ ಲೆಕ್ಕ. ಹೋದ ಜುಲೈಲಿ ಫೋನ್ ಬಂತು. "ವೈರಸ್ ಬಂದಿದೆ ಮಾರಾಯ, ಒಂದು ಬಿಲ್ ಹೊಡೀಲಿಕ್ಕೆ ಎರಡು ನಿಮಿಷ ತಗೊಳ್ತದೆ, ಬಂದು ಫಾರ್ಮ್ಯಾಟ್ ಹೊಡ್ದು ಹೋಗು."

ಬೆಳಿಗ್ಗೆನೂ ಹೀಗೇನಾ ಮಾವ ಅಂತ ಕೇಳ್ದೆ. ಇಲ್ಲ, ಬೆಳಿಗ್ಗೆ ಚೆನ್ನಾಗೇ ಓಡ್ತದೆ, ಹನ್ನೊಂದರ ಮೇಲೆ ಶುರು, ನಾಲ್ಕು ಗಂಟೆಗೆ ತಾನೇ ಸರಿ ಹೋಗ್ತದೆ ಅಂದ್ರು. ಸರಿಯಾಗಿ ರೈಸ್ ಪ್ಲೇಟ್ ಟೈಮಿಗೆ ಬಂದು ಹೋಗೋ ವೈರಸ್ ನಾನಂತೂ ನೋಡಿಲ್ಲ, ಹಾಗಾಗಿ ಪೆನ್‌ಡ್ರೈವ್ ಜೊತೆ ಒಂದು ಸ್ಕ್ರೂಡ್ರೈವರು, ಒಂದು ಪೇಂಟ್ ಬ್ರಶ್ಶು ಬ್ಯಾಗಿಗೆ ಹಾಕ್ಕೊಂಡು ಹೊರಟೆ.

ಹೋದಾಗ ಹನ್ನೆರಡೂವರೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ 3 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದ ಪ್ರೊಸೆಸರ್ 0.79ರಲ್ಲಿ ತೆವಳ್ತಾ ಇತ್ತು. ಟೆಂಪರೇಚರ್ ನೋಡಿದ್ರೆ 98 ಡಿಗ್ರಿ. ಪಕ್ಕದಲ್ಲಿ ಇಡ್ಲಿ ಬೇಯ್ತಾ ಇತ್ತಲ್ಲ, ಹೆಚ್ಚುಕಮ್ಮಿ ಅಷ್ಟೇ ಬಿಸಿ.

ಪ್ರೊಸೆಸರ್ ಅಂದ್ರೆ ಉಗುರಿನಷ್ಟಗಲದ ಸಿಲಿಕಾನ್ ಚೂರು, ಅದರಲ್ಲಿ ನೂರು ಕೋಟಿಗೂ ಜಾಸ್ತಿ ಪುಟಾಣಿ ಸ್ವಿಚ್ಚುಗಳು, 3 ಗಿಗಾಹರ್ಟ್ಸ್ ಅಂದ್ರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಟಿಕ್ ಅನ್ನುತ್ತೆ. ಸ್ವಿಚ್ ಆನ್ ಆಫ್ ಆದಾಗೆಲ್ಲ ಒಂಚೂರು ಶಾಖ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಪೂರ್ತಿ ಕೆಲಸದಲ್ಲಿದ್ರೆ 65 ವ್ಯಾಟ್ ಹತ್ರ ಹೋಗುತ್ತೆ. ಹಳೇ ಕಾಲದ 60 ವ್ಯಾಟ್ ಬಲ್ಬ್ ಮುಟ್ಟಿದವರಿಗೆ ಗೊತ್ತು ಆ ಬಿಸಿ ಎಷ್ಟು ಅಂತ, ಇಲ್ಲಿ ಅದೆಲ್ಲ ಉಗುರಿನಷ್ಟು ಜಾಗದಿಂದ ಹೊರಗೆ ಬರಬೇಕು. ಬರೋಕೆ ಆಗದೆ 100 ಡಿಗ್ರಿ ಹತ್ರ ಹೋದ್ರೆ ಪ್ರೊಸೆಸರ್ ತನ್ನನ್ನ ತಾನೇ ಉಳಿಸ್ಕೊಳ್ಳೋಕೆ ವೇಗ ಇಳಿಸುತ್ತೆ, ಜೊತೆಗೆ ವೋಲ್ಟೇಜೂ ಇಳಿಸುತ್ತೆ. ಅಂದ್ರೆ ಮಾವನ ಕಂಪ್ಯೂಟರಿಗೆ ಕಾಯಿಲೆ ಇರಲಿಲ್ಲ, ಮಧ್ಯಾಹ್ನದ ಸೆಕೆಗೆ ಕೂತು ಸುಧಾರಿಸ್ಕೊಳ್ತಾ ಇತ್ತು.

ಪ್ಲಗ್ ಕಿತ್ತು, ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಮೊದಲು ಬಂದಿದ್ದು ವಾಸನೆ. ಒಗ್ಗರಣೆ ವಾಸನೆ, ನಿಜವಾಗ್ಲೂ. ಗೋಡೆ ಆಚೆಗೇ ದೋಸೆ ಕಾವಲಿ, ತಿಂಡಿ ದಾಟಿಸೋ ಕಿಂಡಿಯಿಂದ ಹೊಗೆ ನೇರ ಈ ಕಡೆಗೆ. ಪ್ರೊಸೆಸರ್ ಫ್ಯಾನ್ ಕೆಳಗೆ ಅದರ ಬಿಸಿ ಹೀರೋ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುತ್ತಲ್ಲ, ತೆಳು ತೆಳು ಹಾಳೆ ನಿಲ್ಲಿಸಿದ ಹಾಗೆ, ಆ ಸಂದಿಗಳೆಲ್ಲ ಕಂದು ಬಣ್ಣದ ಕಂಬಳಿ ಹೊದ್ದಿದ್ವು. ಮನೆ ಧೂಳಾದ್ರೆ ಬ್ರಶ್ ಆಡಿಸಿದ್ರೆ ಉದುರುತ್ತೆ, ಇದು ಉದುರಲಿಲ್ಲ, ಉಗುರಲ್ಲಿ ಕೆರೆದ್ರೆ ಬಾಣಲೆ ಹಿಡಿ ಹತ್ರ ಕಟ್ಟೋ ಅಂಟಿನ ಹಾಗೆ ಎದ್ದು ಬಂತು. ಅದೂ ಇದೂ ಒಂದೇ ಕಥೆ: ಕಾವಲಿಯಿಂದ ಏಳೋ ಎಣ್ಣೆಯ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಕೂರ್ತವೆ, ಬಿಸಿ ಮತ್ತು ಆಮ್ಲಜನಕ ಸೇರಿ ಆ ಎಣ್ಣೆಯ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ವಾರ್ನಿಷ್ ಥರ ಗಟ್ಟಿಯಾಗ್ತವೆ, ಅದರ ಮೇಲೆ ಧೂಳು, ಹತ್ತಿ ನೂಲು, ಒಂದು ಸಾಸಿವೆ ಕಾಳು ಕೂಡ ಸಿಕ್ಕಿತು.

ಕಂಬಳಿ ಅಂದಿದ್ದು ಸುಮ್ನೆ ಅಲ್ಲ. ಕಂಬಳಿ ಬೆಚ್ಚಗಿರೋದು ಒಳಗೆ ಸಿಕ್ಕಿಹಾಕ್ಕೊಂಡ ಗಾಳಿಯಿಂದ, ಗಾಳಿ ಶಾಖ ಸಾಗಿಸೋದ್ರಲ್ಲಿ ಪರಮ ಸೋಮಾರಿ, ತಾಮ್ರ ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಚುರುಕು. ಥರ್ಮಲ್ ಪೇಸ್ಟ್ ಹಚ್ಚೋದೂ ಇದೇ ಕಾರಣಕ್ಕೆ. ಪ್ರೊಸೆಸರ್ ತಲೆ, ಹೀಟ್‌ಸಿಂಕ್ ತಳ ಎರಡೂ ಕಣ್ಣಿಗೆ ನುಣುಪು ಕಂಡ್ರೂ ಸೂಕ್ಷ್ಮವಾಗಿ ಏರುತಗ್ಗು ಇರುತ್ತೆ, ಆ ತಗ್ಗಲ್ಲಿ ಗಾಳಿ ಕೂರದ ಹಾಗೆ ಪೇಸ್ಟ್ ತುಂಬಬೇಕು. ತುಂಬಿದ್ರೆ ಸಾಕು. ಬೆಣ್ಣೆ ದೋಸೆಗೆ ಹಾಕೋ ಥರ ಧಾರಾಳ ಮಾಡಬಾರದು, ಯಾಕಂದ್ರೆ ಪೇಸ್ಟ್ ಗಾಳಿಗಿಂತ ಎಷ್ಟೋ ವಾಸಿ, ಲೋಹಕ್ಕಿಂತ ಎಷ್ಟೋ ಕಳಪೆ. ಬಟಾಣಿ ಕಾಳಿನಷ್ಟು ನಡುವೆ ಇಟ್ಟು ಒತ್ತಿದ್ರೆ ಹರಡ್ಕೊಳ್ಳುತ್ತೆ. ಇಲ್ಲಿ ಹಳೇ ಪೇಸ್ಟ್ ಒಣಗಿ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊಸ ಟ್ಯೂಬೂ ಒಂದು ಫ್ಯಾನೂ ತಂದೆ.

ಹೀಟ್‌ಸಿಂಕನ್ನ ಫ್ಯಾನಿಂದ ಬೇರೆ ಮಾಡಿ ಏನು ಮಾಡಿದೆ ಅಂದ್ರೆ ನಗ್ತೀರಿ, ಪಾತ್ರೆ ತೊಳೆಯೋ ಹುಡುಗನ ಪಕ್ಕ ನಿಂತು ಬಿಸಿ ನೀರು ಸಾಬೂನು ಹಾಕಿ ತೊಳೆದೆ. ಬರೀ ಲೋಹ ಅದು, ಪೂರ್ತಿ ಒಣಗಿಸಿ ಹಾಕಿದ್ರೆ ಏನೂ ಆಗಲ್ಲ. ಬೋರ್ಡ್ ಮಾತ್ರ ನೀರಿಗೆ ತೋರಿಸಬೇಡಿ, ಅದಕ್ಕೆ ಮೊಬೈಲ್ ರಿಪೇರಿಯವರು ಬಳಸೋ ಐಸೋಪ್ರೊಪೈಲ್ ಆಲ್ಕೊಹಾಲ್, ಮೆತ್ತನೆ ಬ್ರಶ್. ಬ್ಲೋವರ್ ಹಿಡಿಯೋವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಗಿರ್ರಂತ ತಿರುಗಿಸಿ ಮಜಾ ನೋಡಿದ್ರೆ ಬೇರಿಂಗ್ ಹೋಗುತ್ತೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬ) ಒಳಗೆ ಎರಡು ಜಿರಲೆ ಸತ್ತು ಬಿದ್ದಿದ್ದು ಜಾಲರಿಯಿಂದ ಕಾಣ್ತಾ ಇತ್ತು, ಮಾವ "ಅದನ್ನೂ ಬಿಚ್ಚು" ಅಂದ್ರು, ನಾನು ಬಿಚ್ಚಲಿಲ್ಲ. 230 ವೋಲ್ಟ್ ಕರೆಂಟ್ ಒಳಗೆ ಎಸಿಯಿಂದ ಡಿಸಿ ಆದಾಗ, ಅದನ್ನ ಕೂಡಿಡೋ ಕೆಪ್ಯಾಸಿಟರಲ್ಲಿ 325 ವೋಲ್ಟ್ ತನಕ ತುಂಬಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಜಿರಲೆಗೆ ಹೊರಗಿಂದಲೇ ಗಾಳಿ ಸಂಸ್ಕಾರ ಮಾಡಿದೆ.

ಮುಂಬೈಲಿ ಇನ್ನೊಂದು ಶತ್ರು ಇದೆ, ಉಪ್ಪು. ಮಳೆಗಾಲದಲ್ಲಿ ಹೋಟೆಲ್ ಟೇಬಲ್ ಮೇಲಿನ ಉಪ್ಪಿನ ಡಬ್ಬಿ ನೋಡಿದ್ರೆ ಸಾಕು, ತೂತಿಂದ ಉದುರಲ್ಲ, ಗಂಟು ಕಟ್ಟಿರುತ್ತೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದ್ರೆ ಉಪ್ಪು ಗಾಳಿಯಿಂದಲೇ ನೀರು ಎಳ್ಕೊಂಡು ಕರಗೋಕೆ ಶುರು ಮಾಡುತ್ತೆ, ಇಲ್ಲಿ ಜುಲೈ ಆಗಸ್ಟಲ್ಲಿ ಬಹುತೇಕ ದಿನ 80ರ ಮೇಲೇ. ಸಮುದ್ರದ ಗಾಳಿ ತಂದ ಉಪ್ಪಿನ ಕಣ ಬೋರ್ಡ್ ಮೇಲೆ ಧೂಳಿನ ಜೊತೆ ಕೂತಿದ್ರೆ ಅಲ್ಲೊಂದು ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ಆಯ್ತು, ಅದು ಕರೆಂಟೂ ಹರಿಸುತ್ತೆ, ತಾಮ್ರವನ್ನೂ ತಿನ್ನುತ್ತೆ. ತಿಂಗಳುಗಟ್ಟಲೆ ಊರಿಗೆ ಹೋಗಿ ಗಣೇಶನ ಹಬ್ಬ ಮುಗಿಸ್ಕೊಂಡು ಬಂದವರ ಕಂಪ್ಯೂಟರ್ ಬೀಪ್ ಬೀಪ್ ಅಂತ ಅಳೋದು ಇದಕ್ಕೇ, ದಿನಾ ಸ್ವಲ್ಪ ಹೊತ್ತು ಆನ್ ಇದ್ರೆ ಅದರ ಬಿಸಿಗೇ ಒಳಗೆ ಒಣಗಿರುತ್ತೆ. ಆಗ ಎಲ್ಲರೂ ಮಾಡೋ ವೈದ್ಯ ಅಂದ್ರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಕಿತ್ತು ಸ್ಕೂಲ್ ಮಕ್ಕಳ ರಬ್ಬರಲ್ಲಿ ಉಜ್ಜೋದು. ಕೆಲಸ ಮಾಡುತ್ತೆ, ಆದ್ರೆ ಅದರ ಅಂಚಲ್ಲಿ ಹೊಳೆಯೋದು ಚಿನ್ನದ ಲೇಪ, ಒಂದು ಮೈಕ್ರಾನಿಗಿಂತ ತೆಳು, ವರ್ಷಾವರ್ಷ ಉಜ್ಜಿದ್ರೆ ಚಿನ್ನ ರಬ್ಬರಿನ ಪುಡಿ ಜೊತೆ ಹೋಗುತ್ತೆ. ಎಷ್ಟೋ ಸಲ ಬರೀ ಕಿತ್ತು ಮತ್ತೆ ಒತ್ತಿ ಕೂರಿಸಿದ್ರೇ ಸರಿಯಾಗಿರುತ್ತೆ.

ಇನ್ನು ಸಾಫ್ಟ್‌ವೇರ್ ಕಸದ ವಿಷಯ. ಯಾರೋ ಹುಡುಗ ಬಂದು ಒಂದು ಕ್ಲೀನರ್ ಹಾಕಿ ಹೋಗಿದ್ದ, ಅದು ದಿನಾ ಬೆಳಿಗ್ಗೆ ಕೆಂಪು ಅಕ್ಷರದಲ್ಲಿ ಸಾವಿರಾರು ರಿಜಿಸ್ಟ್ರಿ ತಪ್ಪು ಇದೆ, ದುಡ್ಡು ಕೊಡಿ ಅಂತ ಹೆದರಿಸ್ತಾ ಇತ್ತು. ರಿಜಿಸ್ಟ್ರಿ ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಪುಸ್ತಕ, ಅದರಲ್ಲಿ ಹಳೇ ಸಾಲುಗಳು ಇದ್ದೇ ಇರ್ತವೆ, ನಿಘಂಟಲ್ಲಿ ಬಳಕೆ ತಪ್ಪಿದ ಪದ ಇದ್ರೆ ಬೇಕಾದ ಪದ ಹುಡುಕೋಕೆ ಲೇಟ್ ಆಗುತ್ತಾ? ಇಂಥ ಕ್ಲೀನರಿಗೆ ಮೈಕ್ರೋಸಾಫ್ಟೇ ಬೆಂಬಲ ಇಲ್ಲ ಅಂದಿದೆ. ಕಿತ್ತುಹಾಕಿದೆ, ಸ್ಟಾರ್ಟಪ್ ಪಟ್ಟಿಯಿಂದ ಬೇಡದ ನಾಲ್ಕು ತೆಗೆದೆ, ವಿಂಡೋಸಲ್ಲೇ ಇರೋ ಡಿಸ್ಕ್ ಕ್ಲೀನಪ್ ಓಡಿಸಿದೆ, ಹದಿನೈದು ನಿಮಿಷದ ಕೆಲಸ.

ಅದಕ್ಕಿಂತ ನನಗೆ ಹೆದರಿಕೆ ಆಗಿದ್ದು ಹಾರ್ಡ್ ಡಿಸ್ಕ್ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗೋ ತಟ್ಟೆ, ಅದರ ಮೇಲೆ ತಾಗದ ಹಾಗೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲೋ, ಓದಿ ಬರೆಯೋ ಹೆಡ್ಡು, ಒಂದು ಕೂದಲೆಳೆ ಇದರ ಸಾವಿರಾರು ಪಟ್ಟು ದಪ್ಪ. ಈ ಡಿಸ್ಕ್ ತನ್ನ ಆರೋಗ್ಯ ತಾನೇ ಹೇಳೋ ಸ್ಮಾರ್ಟ್ ವರದಿಯಲ್ಲಿ, ತಟ್ಟೆ ಮೇಲಿನ ಕೆಟ್ಟ ಸೆಕ್ಟರ್‌ಗಳನ್ನ ಬದಲಿ ಜಾಗಕ್ಕೆ ಹಾಕ್ತಿದ್ದೀನಿ ಅಂತ ಆಗಲೇ ಹೇಳ್ತಾ ಇತ್ತು, ಕೇಳೋರಿರಲಿಲ್ಲ. ಜಿಎಸ್‌ಟಿ ಲೆಕ್ಕ ಎಲ್ಲ ಅದೊಂದರಲ್ಲೇ. ಅವತ್ತೇ ಎರಡು ಕಡೆ ಕಾಪಿ ಮಾಡಿ, ಮುಂದಿನ ವಾರ ಚಿಪ್ಪಲ್ಲೇ ಮಾಹಿತಿ ಇಡೋ ಎಸ್‌ಎಸ್‌ಡಿ ಹಾಕಿದೆ. ಅದರಲ್ಲಿ ತಿರುಗೋದೇ ಇಲ್ಲ, ತಟ್ಟೆ ಸುತ್ತಿ ಬರಲಿ ಅಂತ ಕಾಯೋದೂ ಇಲ್ಲ, ಚದುರಿದ ಫೈಲ್ ಚೂರುಗಳನ್ನ ಒಟ್ಟಿಗೆ ಜೋಡಿಸೋ ಡಿಫ್ರಾಗ್ ಚಾಳಿ ಬಿಡಬಹುದು.

ಎಲ್ಲ ಜೋಡಿಸಿ ಮಧ್ಯಾಹ್ನದ ರಶ್ಶಲ್ಲಿ ನೋಡಿದ್ರೆ 61 ಡಿಗ್ರಿ. ಇನ್ಮೇಲೆ ಕಿಂಡಿ ಹತ್ರ ಇಡಬೇಡಿ ಅಂದೆ, ಮಾವ ಒಪ್ಪಿ ಗಲ್ಲಾಪೆಟ್ಟಿಗೆ ಆಚೆ ದೇವರ ಫೋಟೋ ಕೆಳಗೆ ಜಾಗ ಮಾಡಿದ್ರು. ಅಲ್ಲಿ ದಿನಾ ಎರಡು ಹೊತ್ತು ಅಗರಬತ್ತಿ. ಅದರ ಹೊಗೆಯಲ್ಲೂ ಇಂಥದೇ ಅಂಟು ಇರ್ತದೆ ಮಾವ ಅಂತ ಹೇಳೋಕೆ ಹೋದೆ. "ಆರು ತಿಂಗಳಿಗೊಮ್ಮೆ ಬಂದು ತೊಳ್ದು ಹೋಗು, ದೋಸೆ ಕೊಡ್ತೇನೆ" ಅಂದ್ರು.