ಕೊಡಗು ವಿವಿಯ ಕಂಪ್ಯೂಟರ್‌ಗೆ ಯಜಮಾನ ಯಾರು?

2025ರ ಫೆಬ್ರುವರಿಯಲ್ಲಿ ಕೊಡಗು ವಿಶ್ವವಿದ್ಯಾಲಯ ಮುಚ್ಚುತ್ತದಂತೆ ಎಂಬ ಸುದ್ದಿ ಬಂತು. ಹಿಂದಿನ ಸರ್ಕಾರದ ಕಾಲದಲ್ಲಿ ಶುರುವಾದ ಹೊಸ ವಿವಿಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ನಿಲ್ಲಿಸಬಹುದು ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಹೇಳಿತ್ತು. ಜಿಲ್ಲೆಯಲ್ಲಿ ವಿರೋಧ ಎದ್ದಿತು. ದುಡ್ಡಿಲ್ಲ, ಕಾಯಂ ಬೋಧಕರಿಲ್ಲ, ಮಕ್ಕಳು ಮತ್ತೆ ಮಂಗಳೂರಿಗೆ ಅಲೆಯಬೇಕಾ ಎಂದು ಎಲ್ಲರೂ ಕೇಳಿದರು.

ಒಂದು ಪ್ರಶ್ನೆ ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಆ ಹೊತ್ತಿಗೆ ವಿವಿಯಲ್ಲಿ ದಾಖಲಾದ ಮಕ್ಕಳ ಅಂಕ, ಹಾಜರಿ, ಶುಲ್ಕದ ಲೆಕ್ಕ ಎಲ್ಲಿದೆ? ಬಾಗಿಲು ಹಾಕಿದರೆ ಅದನ್ನು ಯಾರು, ಯಾರಿಗೆ, ಯಾವ ರೂಪದಲ್ಲಿ ಒಪ್ಪಿಸುತ್ತಾರೆ? ಆಸ್ತಿ ಪಾಲಾಗುವಾಗ ಗದ್ದೆ, ತೋಟ, ಮನೆ ಎಲ್ಲ ಹಂಚಿಕೊಂಡು ಪತ್ರಗಳಿರುವ ಪೆಟ್ಟಿಗೆಯನ್ನೇ ಮರೆತ ಹಾಗಾಯಿತು ಇದು. ಮರೆತದ್ದು ಈಗಲ್ಲ. ಇದರ ಹಿಂದೆ ನಲವತ್ತು ವರ್ಷದ ಕತೆ ಇದೆ.

ಕೊಡಗಿನ ಕಾಲೇಜುಗಳಿಗೆ ವಿವಿ ಅಂದರೆ ಯಾವತ್ತೂ ಘಟ್ಟದ ಆಚೆಯ ವಿಷಯ. ಮಡಿಕೇರಿಯ ಸರ್ಕಾರಿ ಕಾಲೇಜು, ಅಂದರೆ ಇವತ್ತಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಶುರುವಾದದ್ದು 1949ರಲ್ಲಿ. ಏಕೀಕರಣದ ನಂತರ ಅದು ಮೈಸೂರು ವಿವಿಯ ಕೆಳಗಿತ್ತು. 1980ರಲ್ಲಿ ಮಂಗಳೂರು ವಿವಿ ಹುಟ್ಟಿದಾಗ ಕೊಡಗು ಅತ್ತ ಹೋಯಿತು. 2023ರಲ್ಲಿ ಕೊಡಗಿಗೇ ಒಂದು ವಿವಿ ಬಂತು. ಇದು ಬರೀ ಕಲೆ, ವಿಜ್ಞಾನ, ವಾಣಿಜ್ಯದ ಮಾತು. ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿಗೆ ಬೆಳಗಾವಿಯ ತಾಂತ್ರಿಕ ವಿವಿ, ಅಂದರೆ ವಿಟಿಯು. ಅದೇ ಊರಿನ ಅರಣ್ಯ ಕಾಲೇಜಿಗೆ ಶಿವಮೊಗ್ಗದ ಕೃಷಿ ವಿವಿ. ಮಡಿಕೇರಿಯ ವೈದ್ಯಕೀಯ ಕಾಲೇಜಿಗೆ ಬೆಂಗಳೂರಿನ ರಾಜೀವ್ ಗಾಂಧಿ ವಿವಿ. ಐದೂವರೆ ಲಕ್ಷ ಜನರ ಪುಟ್ಟ ಜಿಲ್ಲೆಯ ಮಕ್ಕಳ ದಾಖಲೆಗಳು ನಾಲ್ಕು ದಿಕ್ಕಿಗೆ ಹಂಚಿಹೋಗಿವೆ.

ಕಂಪ್ಯೂಟರ್ ಬರುವ ಮೊದಲು ಎಲ್ಲ ಇದ್ದದ್ದು ಟ್ಯಾಬ್ಯುಲೇಷನ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕಗಳಲ್ಲಿ. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೆ ಮಡಿಕೇರಿಯಿಂದ ಸಂಪಾಜೆ ಘಟ್ಟ ಇಳಿದು ಮಂಗಳೂರು ವಿವಿ ಇರುವ, ಸುಮಾರು 140 ಕಿಲೋಮೀಟರ್ ದೂರದ ಕೊಣಾಜೆಗೆ ಹೋಗಬೇಕಿತ್ತು. ವಿರಾಜಪೇಟೆ, ಗೋಣಿಕೊಪ್ಪದವರಿಗೆ ಇನ್ನೂ ಜಾಸ್ತಿ ದೂರ. ನಮ್ಮ ವಿವಿಗಳಲ್ಲಿ ಕಂಪ್ಯೂಟರ್ ದೊಡ್ಡ ಮಟ್ಟದಲ್ಲಿ ಮೊದಲು ಕಾಲಿಟ್ಟದ್ದು ಪರೀಕ್ಷಾ ವಿಭಾಗಕ್ಕೆ. ಫಲಿತಾಂಶ ಬೇಗ ಬರಲಿ ಎಂಬುದಷ್ಟೇ ಉದ್ದೇಶ. ಎಷ್ಟೋ ಕಡೆ ಆ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಟ್ಟರು. ಏಜೆನ್ಸಿ ಬದಲಾದಾಗ ಹಳೆಯ ಫೈಲು ಹೊಸ ಸಿಸ್ಟಮ್‌ನಲ್ಲಿ ತೆರೆಯುವುದಿಲ್ಲ ಎಂಬ ಗೋಳು ಆಗಲೇ ಶುರುವಾಯಿತು.

ಅಲ್ಲಿಂದ ಒಂದು ಅಭ್ಯಾಸ ಬೇರೂರಿತು. ಐಟಿ ಅಂದರೆ ರಿಸಲ್ಟ್. ರಿಸಲ್ಟ್ ಬಂತಾ, ಮುಗೀತು. ಮುಂದಿನ ಐದು ವರ್ಷಕ್ಕೆ ಏನು ಬೇಕು, ಯಾವುದನ್ನು ನಾವೇ ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗೆ ಕೊಡಬಹುದು ಎಂದು ಕೂತು ಯೋಚಿಸುವುದು ಯಾರ ಕೆಲಸವೂ ಆಗಲಿಲ್ಲ.

ಯೋಜನೆ ಬಂತು, ಯೋಜನೆ ಹೋಯಿತು

ದಿಲ್ಲಿಯಿಂದ ಯೋಜನೆಗಳು ಸಾಲು ಸಾಲಾಗಿ ಬಂದವು. ಗ್ರಂಥಾಲಯಗಳನ್ನು ಬೆಸೆಯಲು ಇನ್‌ಫ್ಲಿಬ್‌ನೆಟ್ 1991ರಲ್ಲಿ ಬಂತು. ವಿವಿಗಳಿಗೆ ಇಂಟರ್ನೆಟ್ ಕೊಡಲು ಯುಜಿಸಿ-ಇನ್ಫೋನೆಟ್ 2002ರ ಡಿಸೆಂಬರ್‌ನಲ್ಲಿ ಶುರುವಾಯಿತು. 2004ರಲ್ಲಿ ದೂರದ ತರಗತಿಗಳಿಗೆ ಪಾಠ ತಲುಪಿಸುವ ಎಜುಸ್ಯಾಟ್ ಉಪಗ್ರಹ ಹಾರಿತು, ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ವಿಟಿಯು ಕೂಡ ಇತ್ತು. 2009ರ ರಾಷ್ಟ್ರೀಯ ಶಿಕ್ಷಣ ಐಸಿಟಿ ಮಿಷನ್ ವಿವಿಗೆ 1 ಜಿಬಿಪಿಎಸ್, ಕಾಲೇಜಿಗೆ 512 ಕೆಬಿಪಿಎಸ್‌ನ ಹತ್ತಿಪ್ಪತ್ತು ಬ್ರಾಡ್‌ಬ್ಯಾಂಡ್ ಸಂಪರ್ಕ ಕೊಡುವ ಲೆಕ್ಕ ಹಾಕಿತು. ಮರುವರ್ಷ, ದೇಶದ ವಿವಿ, ಸಂಶೋಧನಾ ಸಂಸ್ಥೆಗಳನ್ನು ವೇಗದ ನೆಟ್‌ವರ್ಕ್‌ನಲ್ಲಿ ಬೆಸೆಯುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ 5,990 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು.

ಇವೆಲ್ಲ ಒಳ್ಳೆಯ ಯೋಜನೆಗಳೇ, ನಾನು ಬೇಡ ಅನ್ನಲ್ಲ. ಆದರೆ ಇಂಥ ಯೋಜನೆಯ ಹಣದಲ್ಲಿ ಕೊಳ್ಳುವುದಕ್ಕೆ ಇರುವಷ್ಟು ಜಾಗ ಇಟ್ಟುಕೊಳ್ಳುವುದಕ್ಕೆ ಇರುವುದಿಲ್ಲ. ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ಗ್ರಾಂಟ್ ಲ್ಯಾಪ್ಸ್. ಹಾಗಾಗಿ ಮಾರ್ಚ್‌ನಲ್ಲಿ ಕಂಪ್ಯೂಟರ್, ಸ್ವಿಚ್, ಯುಪಿಎಸ್ ಎಲ್ಲ ಬರುತ್ತವೆ. ಎರಡು ಮೂರು ವರ್ಷಕ್ಕೆ ಯುಪಿಎಸ್ ಬ್ಯಾಟರಿ ಸತ್ತಾಗ ಹೊಸದಕ್ಕೆ ಯಾವ ಲೆಕ್ಕದಲ್ಲಿ ದುಡ್ಡು ತೆಗೆಯೋದು ಅಂತ ಗುಮಾಸ್ತರು ತಲೆ ಕೆರೆದುಕೊಳ್ಳುತ್ತಾರೆ.

ಬ್ಯಾಟರಿ ಕೊಡಗಿನಲ್ಲಿ ಸಣ್ಣ ವಿಷಯವಲ್ಲ. ಮುಂಗಾರು ಜೋರಾದರೆ ಮರ ಬಿದ್ದು ಲೈನ್ ಹೋಗುತ್ತದೆ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಹೋಗುತ್ತದೆ, ಯಾಕೆಂದರೆ ಅದಕ್ಕೂ ಬ್ಯಾಟರಿ, ಡೀಸೆಲ್ ಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆಯೇ ಬಂದ್ ಆಯಿತು. ಅಂಥ ಹೊತ್ತಲ್ಲಿ ವಿವಿ ಕಚೇರಿ ಘಟ್ಟದ ಕೆಳಗಿದ್ದರೆ ಕಾಲೇಜಿಗೆ ರಸ್ತೆಯೂ ಇಲ್ಲ, ಲೈನೂ ಇಲ್ಲ. ಕೋವಿಡ್ ಬಂದಾಗ ಇದೇ ಕತೆ ಮನೆಮನೆಗೆ ಬಂತು. ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದರು. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಮೇಷ್ಟ್ರನ್ನು ಹೊಗಳಿದೆವು, ಹೊಗಳಲೇಬೇಕು. ಆದರೆ ಪಾಠ ಮಾಡೋಕೆ ಮರ ಹತ್ತಬೇಕಾಗಿ ಬಂದದ್ದು ಯಾಕೆ ಅನ್ನೋ ಪ್ರಶ್ನೆ ಆ ಹೊಗಳಿಕೆಯಲ್ಲಿ ಕರಗಿ ಹೋಯಿತು.

ಪೋರ್ಟಲ್ ಓಪನ್ ಆಗಿದೆ

2021-22ರಲ್ಲಿ ರಾಜ್ಯದ ವಿವಿಗಳ ಐಟಿಯಲ್ಲಿ ದೊಡ್ಡ ಬದಲಾವಣೆ ಆಯಿತು. ಹೊಸ ಶಿಕ್ಷಣ ನೀತಿಯ (ಎನ್‌ಇಪಿ) ಜೊತೆಗೇ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶ ಎಲ್ಲ ವಿವಿ, ಕಾಲೇಜುಗಳಿಗೆ ಬಂತು. ಕಾಲೇಜುಗಳಿಗೆ ವಿವಿಯ ಸಂಯೋಜನೆ, ದಾಖಲಾತಿ, ಪರೀಕ್ಷೆ, ಫಲಿತಾಂಶ, ಘಟಿಕೋತ್ಸವ ಎಲ್ಲ ಅದರಲ್ಲೇ. ಮಾಡಿದ್ದು ರಾಜ್ಯ ಸರ್ಕಾರದ ಇ-ಆಡಳಿತ ಕೇಂದ್ರ. ವಿಚಾರ ಸರಿಯಾಗಿಯೇ ಇತ್ತು. ಪ್ರತಿ ವಿವಿ ಬೇರೆ ಬೇರೆ ಏಜೆನ್ಸಿಗೆ ದುಡ್ಡು ಸುರಿಯುವುದು ತಪ್ಪುತ್ತದೆ, ಅಂಕ ತಿದ್ದುವ ಅವಕಾಶ ಕಡಿಮೆಯಾಗುತ್ತದೆ.

ನಡೆದದ್ದು ಬೇರೆ. ಸರ್ವರ್ ನಿಧಾನ, ಫಲಿತಾಂಶ ತಡ ಎಂಬ ದೂರು ರಾಜ್ಯದ ಎಲ್ಲ ಕಡೆಯಿಂದ ಬಂತು. ಕಾಲೇಜಿನ ಮೇಷ್ಟ್ರುಗಳಿಗೆ "ಐಎ ಮಾರ್ಕ್ಸ್ ಅಪ್‌ಲೋಡ್‌ಗೆ ಪೋರ್ಟಲ್ ಓಪನ್ ಆಗಿದೆ, ನಾಳೆ ಸಂಜೆ ಕ್ಲೋಸ್" ಎಂಬ ವಾಟ್ಸಾಪ್ ಮೆಸೇಜ್ ಬರುತ್ತದೆ. ಐಎ ಅಂದರೆ ಆಂತರಿಕ ಮೌಲ್ಯಮಾಪನದ ಅಂಕ. ಜುಲೈ ತಿಂಗಳ ಮಡಿಕೇರಿಯಲ್ಲಿ ಈ ಮೆಸೇಜ್ ಓದುವ ರೀತಿಯೇ ಬೇರೆ. ಮೊದಲು ಕರೆಂಟ್ ಬರಬೇಕು. ಆಮೇಲೆ ಲೈನ್ ಬರಬೇಕು. ಆಮೇಲೆ ಲಾಗಿನ್ ಆದಾಗ ಮೊಬೈಲ್‌ಗೆ ಓಟಿಪಿ ಬರಬೇಕು. ಅಷ್ಟರಲ್ಲಿ ಸೆಷನ್ ಎಕ್ಸ್‌ಪೈರ್. ಬೆಂಗಳೂರಲ್ಲಿ ಕೂತು ಕೊನೆಯ ದಿನ ಗೊತ್ತು ಮಾಡುವವರಿಗೆ ಮಳೆಗಾಲ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕು ಅಂತ ಅವರಿಗೆ ಹೇಳುವ ಅಧಿಕಾರ ಇರುವ ಐಟಿ ಮುಖ್ಯಸ್ಥ ಇಲ್ಲಿ ಇಲ್ಲ.

ಹೆಸರಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು ಬರುತ್ತದೆ. ಕಾರ್ಯಪ್ಪನವರನ್ನೇ ತಗೊಳ್ಳಿ. ಕೊಡಂದೇರ ಅವರ ಒಕ್ಕ, ಮಾದಪ್ಪ ಅವರ ತಂದೆ, ಕಾರ್ಯಪ್ಪ ಅವರ ಹೆಸರು. ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಕೇಳುವ ಫಾರಂನಲ್ಲಿ ಇದನ್ನು ಬರೆದರೆ ಫಸ್ಟ್ ನೇಮ್ ಜಾಗದಲ್ಲಿ ಮನೆತನ ಕೂರುತ್ತದೆ, ಲಾಸ್ಟ್ ನೇಮ್ ಜಾಗದಲ್ಲಿ ಮನುಷ್ಯ. ಜೇನುಕುರುಬ, ಎರವ ಮಕ್ಕಳ ಹೆಸರಿನ ಮುಂದೆ ಸಮುದಾಯದ ಹೆಸರೇ ಇನಿಷಿಯಲ್ ಆಗಿ ನಿಲ್ಲುವುದೂ ಉಂಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಮೊದಲು ಇದು ಗುಮಾಸ್ತರ ಮೇಜಿನಲ್ಲೇ ಬಗೆಹರಿಯುತ್ತಿತ್ತು. 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಮಕ್ಕಳು ಪಾಸಾದ ಕೋರ್ಸ್‌ಗಳ ಕ್ರೆಡಿಟ್ ಜಮಾ ಮಾಡಿಡುವ ಆನ್‌ಲೈನ್ ಖಾತೆ, ತಂದ ಮೇಲೆ ಹಾಗಾಗುವುದಿಲ್ಲ. ಡಿಜಿಲಾಕರ್ ಮೂಲಕ ಖಾತೆ ತೆರೆಯಬೇಕು, ಹೆಸರು ತಾಳೆಯಾಗಬೇಕು. ಆಗದಿದ್ದರೆ ಕ್ರೆಡಿಟ್ ಜಮಾ ಆಗಲ್ಲ. ದಾಖಲಾತಿಯ ದಿನವೇ ಹೆಸರನ್ನು ಹೇಗೆ ಬರೆದುಕೊಳ್ಳಬೇಕು ಎಂದು ಜಿಲ್ಲೆಗೆಲ್ಲ ಒಂದು ನಿಯಮ ಮಾಡಿದರೆ ಮುಗಿಯುವ ಕೆಲಸ ಇದು. ತಂತ್ರಾಂಶ ಕೊಳ್ಳಲೂ ಬೇಕಿಲ್ಲ. ಒಂದು ಪುಟದ ಸುತ್ತೋಲೆ ಸಾಕು.

ಇದರ ಮೇಲೆ ಪಠ್ಯಕ್ರಮದ ಚೌಕಟ್ಟು ಬೇರೆ ಪದೇ ಪದೇ ಬದಲಾಯಿತು. ಮಂಗಳೂರು ವಿವಿ 2019ರಲ್ಲಿ ಪದವಿಗೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ತಂತು. 2021ರಲ್ಲಿ ನಾಲ್ಕು ವರ್ಷದ ಎನ್‌ಇಪಿ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಈ ನಡುವೆ 2023-24ರಲ್ಲಿ ವಿವಿಯೇ ಬದಲು. ಮೊದಲೇ ಸೇರಿದ್ದವರು ರೂಢಿಯಂತೆ ಹಳೆಯ ವಿವಿಯಲ್ಲೇ ಮುಗಿಸಬೇಕು. ಹಾಗಾಗಿ 2024-25ರಲ್ಲಿ ಕಾಲೇಜಿನ ಒಂದೇ ಕೌಂಟರ್‌ನಲ್ಲಿ ಮಂಗಳೂರಿನ ಎನ್‌ಇಪಿ ಮಗು, ಕೊಡಗಿನ ಎನ್‌ಇಪಿ ಮಗು, ಕೊಡಗಿನ ಮೂರು ವರ್ಷದ ಪದವಿಯ ಮಗು ಮೂವರೂ ಸಾಲಾಗಿ ನಿಲ್ಲುತ್ತಿದ್ದರು. ಫೇಲಾಗಿ ಮತ್ತೆ ಕಟ್ಟುವವರದ್ದು ಇನ್ನೊಂದು ಸಾಲು.

ತಂತ್ರಜ್ಞಾನದಿಂದ ನಡೆಯುವ ವಿವಿ

ಕೊಡಗು ವಿವಿ ಹುಟ್ಟಿದ ರೀತಿಯೇ ಈ ಕತೆಯ ತಿರುಳು ಅನ್ನಿಸುತ್ತದೆ ನನಗೆ. ಕುಶಾಲನಗರದ ಕಡೆಯ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರ 'ಜ್ಞಾನ ಕಾವೇರಿ' ಇತ್ತು. 2022ರಲ್ಲಿ ರಾಜ್ಯದ ವಿವಿ ಕಾಯ್ದೆಗೆ ತಿದ್ದುಪಡಿಯಾದ ನಂತರ ಆ ಜಾಗವೇ ಕೊಡಗು ವಿವಿಯ ಕೇಂದ್ರವಾಯಿತು. ಹಾವೇರಿ, ಹಾಸನ, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ, ಬೀದರ್ ಕೂಡ ಜೊತೆಗೇ ಬಂದವು. ನೂರಾರು ಎಕರೆ ಜಾಗ, ದೊಡ್ಡ ಕಟ್ಟಡ, ಸಾಲು ಸಾಲು ಹುದ್ದೆ ಬೇಕಿಲ್ಲ, ಇರುವ ಸೌಲಭ್ಯದಲ್ಲೇ ತಂತ್ರಜ್ಞಾನದ ಬಲದಿಂದ ವಿವಿ ನಡೆಸಬಹುದು ಎಂಬುದು ಆಗಿನ ಸರ್ಕಾರದ ವಾದವಾಗಿತ್ತು.

ಸರಿ, ಒಪ್ಪೋಣ. ಆದರೆ ತಂತ್ರಜ್ಞಾನದಿಂದಲೇ ನಡೆಯುವ ವಿವಿ ಅಂದರೆ ಅಲ್ಲಿ ಮೊದಲು ತುಂಬಬೇಕಾದ ಕುರ್ಚಿ ಐಟಿ ಮುಖ್ಯಸ್ಥರದ್ದು, ಅಲ್ವಾ? 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಕುಲಪತಿ ಇದ್ದಾರೆ, ಕುಲಸಚಿವರಿದ್ದಾರೆ, ಮೌಲ್ಯಮಾಪನಕ್ಕೆ ಬೇರೆ ಕುಲಸಚಿವರಿದ್ದಾರೆ, ಹಣಕಾಸು ಅಧಿಕಾರಿ ಇದ್ದಾರೆ. ಐಟಿಗೆ ಅಂಥ ಕುರ್ಚಿ ಇಲ್ಲ. ನಮ್ಮ ವಿವಿಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ ವಿಭಾಗದ ಒಬ್ಬ ಪ್ರಾಧ್ಯಾಪಕರನ್ನು 'ಇನ್‌ಚಾರ್ಜ್' ಮಾಡುತ್ತಾರೆ. ಪಾಠ, ಪಿಎಚ್‌ಡಿ ಮಕ್ಕಳು, ವಿವಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕಡತ ಎಲ್ಲದರ ನಡುವೆ ಅವರು ವೈಫೈ ಪಾಸ್‌ವರ್ಡ್ ಕೂಡ ನೋಡಿಕೊಳ್ಳುತ್ತಾರೆ. ಹಣದ ಮಾತು ನಡೆಯುವ ಸಭೆಗೆ ಅವರಿಗೆ ಕರೆ ಇರುವುದಿಲ್ಲ. ಅಮೆರಿಕದಲ್ಲಿ ಈ ಕೆಲಸ ಮಾಡುವವರ ಎರಡು ಹಳೆಯ ಸಂಘಗಳು 1998ರಲ್ಲಿ ಸೇರಿ ಎಜುಕಾಸ್ ಆಯಿತು. ವಿವಿಯ ಐಟಿ ನಡೆಸುವುದನ್ನು ಅಲ್ಲಿ ಒಂದು ವೃತ್ತಿ ಅಂತ ನೋಡುತ್ತಾರೆ. ನಮ್ಮಲ್ಲಿ ಅದು ಹೆಚ್ಚುವರಿ ಪ್ರಭಾರ.

ಕಾನೂನು ಮಾತ್ರ ಕಾಯುವುದಿಲ್ಲ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ವೈಯಕ್ತಿಕ ದತ್ತಾಂಶ ಕಾಪಾಡುವ ಕಾಯ್ದೆ 2023ರಲ್ಲಿ ಬಂತು. ಮಕ್ಕಳ ಜಾತಿ, ಆದಾಯ, ಆಧಾರ್, ಫೋನ್ ನಂಬರ್ ಎಲ್ಲ ಇಟ್ಟುಕೊಂಡ ಸಂಸ್ಥೆಯಲ್ಲಿ ಭಾನುವಾರ ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಇನ್‌ಚಾರ್ಜ್ ಮೇಷ್ಟ್ರಿಗಾ, ಬೆಂಗಳೂರಿನ ಹೆಲ್ಪ್‌ಡೆಸ್ಕ್‌ಗಾ?

ಸಣ್ಣ ವಿವಿಗೆ ದೊಡ್ಡ ಐಟಿ ವಿಭಾಗ ಸಾಧ್ಯವಿಲ್ಲ, ನಿಜ. ಹೊಸ ವಿವಿಗಳಿಗೆ ಶುರುವಿನಲ್ಲಿ ಮೀಸಲಿಟ್ಟದ್ದು ತಲಾ 2 ಕೋಟಿ ರೂಪಾಯಿ, ಅದರಲ್ಲಿ ಏನು ಮಹಾ ಮಾಡೋಕಾಗುತ್ತೆ. ಆದರೆ ಯೋಚನೆಗೆ ಜಾಸ್ತಿ ದುಡ್ಡು ಬೇಡ. ಪೂರ್ಣಾವಧಿಯ ಒಬ್ಬರು ಸಾಕು, ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನಲ್ಲಿ ಅವರ ಮಾತಿಗೆ ಜಾಗ ಇರಬೇಕು ಅಷ್ಟೆ. ಯುಯುಸಿಎಂಎಸ್‌ನಲ್ಲಿ ನಮ್ಮ ಮಕ್ಕಳದ್ದೇನಿದೆಯೋ ಅದರ ಒಂದು ಪ್ರತಿ ಪ್ರತಿ ಸೆಮಿಸ್ಟರ್ ಮುಗಿದ ಮೇಲೆ ನಮಗೂ ಬರಲಿ ಎಂದು ಸರ್ಕಾರಕ್ಕೆ ಅವರು ಬರೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಕಾಲೇಜುಗಳಿಗೆ ಅಪ್‌ಲೋಡ್ ಗಡುವು ಬೇರೆ ಇರಲಿ ಅಂತ ಕೇಳಬಹುದು. ಮಂಗಳೂರಿನಲ್ಲಿ ಉಳಿದಿರುವ 1980ರಿಂದೀಚಿನ ಕೊಡಗಿನ ದಾಖಲೆಗಳಲ್ಲಿ ಯಾವುದು ಸ್ಕ್ಯಾನ್ ಆಗಿದೆ, ಯಾವುದು ಇನ್ನೂ ರಿಜಿಸ್ಟರ್‌ನಲ್ಲೇ ಇದೆ ಎಂದು ಪಟ್ಟಿ ತರಿಸಬಹುದು. ವಿವಿ ಉಳಿದರೂ ಈ ಕೆಲಸ ಬೇಕು. ಮಂಗಳೂರಿಗೆ ಮರಳಿದರೆ ಇನ್ನೂ ಬೇಗ ಬೇಕು, ಯಾಕೆಂದರೆ 2023ರ ನಂತರ ಸೇರಿದ ಹುಡುಗಿಯೊಬ್ಬಳು ಹತ್ತು ವರ್ಷದ ಮೇಲೆ ಟ್ರಾನ್ಸ್‌ಕ್ರಿಪ್ಟ್ ಕೇಳಿಕೊಂಡು ಬಂದಾಗ ಯಾವ ಕಚೇರಿಯ ಯಾವ ಕೌಂಟರ್‌ಗೆ ಹೋಗಬೇಕು ಎಂಬುದು ಕಾಗದದ ಮೇಲೆ ಇರಬೇಕು.