ಅಕ್ಕನ ಪಿಂಚಣಿ ದುಡ್ಡು ಎಲ್ಲಿದೆ?

ಅಕ್ಕ ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಭಾವ ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ಮೇಷ್ಟ್ರು. ಇಬ್ಬರೂ ಮಾಡುವುದು ಒಂದೇ ಕೆಲಸ, ಸಂಬಳ ಬರುವುದು ಒಂದೇ ಖಜಾನೆಯಿಂದ. ಆದರೆ ಇಬ್ಬರ ಪೇ ಸ್ಲಿಪ್ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಾಲು ಬೇರೆ. ಭಾವನದರಲ್ಲಿ ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಅಂತಿದೆ, ಅಕ್ಕನದರಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). ಭಾವ ಕೆಲಸಕ್ಕೆ ಸೇರಿದ್ದು 2003ರಲ್ಲಿ, ಅಕ್ಕ 2007ರಲ್ಲಿ. ಮಧ್ಯೆ 2006ರ ಏಪ್ರಿಲ್ 1 ಬಂದು ಕೂತಿದೆ. ಅವತ್ತಿನಿಂದ ಸೇರಿದವರಿಗೆಲ್ಲ ಹೊಸ ಪಿಂಚಣಿ ಅಂತ ರಾಜ್ಯ ಸರ್ಕಾರ ಗೆರೆ ಎಳೆಯಿತು.

(ಕೆಜಿಐಡಿ ಸಾಲು ಮಾತ್ರ ಇಬ್ಬರಲ್ಲೂ ಇದೆ. ಅದು ಮೈಸೂರು ಸಂಸ್ಥಾನದ ಕಾಲದ್ದು, 1891ರಲ್ಲಿ ಶುರುವಾದ ವಿಮೆ. ಅದರ ತಂಟೆಗೆ ಯಾರೂ ಹೋಗಿಲ್ಲ.)

ಹಬ್ಬಕ್ಕೆ ತುಮಕೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಇದೇ ಮಾತು. "ನಿಮ್ಮ ಅಕ್ಕನ ದುಡ್ಡನ್ನ ಷೇರು ಪೇಟೆಗೆ ಹಾಕಿದ್ದಾರಂತೆ ಕಣಯ್ಯ" ಅಂತ ಭಾವ ನಗುತ್ತಾರೆ. ಅಕ್ಕನಿಗೆ ನಗು ಬರುವುದಿಲ್ಲ. ಭಾವನ ಮಾತಿನಲ್ಲಿ ನಿಜ ಎಷ್ಟು ಅಂತ ನೋಡೋಣ ಎಂದು ನಾನು ಕೂತೆ.

ಮೊದಲು ಭಾವನ ಪಿಂಚಣಿ. ಅದಕ್ಕೆ ನಿಧಿ ಅನ್ನೋದೇ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಜಿಪಿಎಫ್‌ಗೆ ಹೋಗುವುದು ಅವರದೇ ಉಳಿತಾಯ, ಬಡ್ಡಿ ಸೇರಿ ಅವರಿಗೇ ವಾಪಸ್ ಬರುತ್ತದೆ. ಪಿಂಚಣಿಗೆ ಅಂತ ಅವರು ಒಂದು ರೂಪಾಯಿಯನ್ನೂ ಕಟ್ಟಿಲ್ಲ, ಸರ್ಕಾರವೂ ಎತ್ತಿಟ್ಟಿಲ್ಲ. ಅವರು ನಿವೃತ್ತರಾದ ಮೇಲೆ ಆಯಾ ವರ್ಷದ ತೆರಿಗೆ ಹಣದಿಂದಲೇ ಕೊಡಬೇಕು. ಮೂವತ್ತು ವರ್ಷ ಸೇವೆಯಾಗಿದ್ದರೆ ಕೊನೆಯ ಮೂಲ ವೇತನದ ಅರ್ಧ. ಅದರ ಮೇಲೆ ತುಟ್ಟಿಭತ್ಯೆ. ಅವರು ಹೋದ ಮೇಲೆ ಮನೆಯವರಿಗೆ ಕುಟುಂಬ ಪಿಂಚಣಿ. ಪಿಂಚಣಿ ಅನ್ನೋದು ಸರ್ಕಾರ ದಯೆ ತೋರಿ ಕೊಡುವ ಇನಾಮಲ್ಲ, ದುಡಿದವರ ಹಕ್ಕು ಅಂತ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತು. ಪಿಂಚಣಿದಾರರು ಇವತ್ತಿಗೂ ಆ ದಿನವನ್ನು ಆಚರಿಸುತ್ತಾರೆ.

ಹಕ್ಕು ಸರಿ, ದುಡ್ಡು? ಐದನೇ ವೇತನ ಆಯೋಗದ ನಂತರ, ತೊಂಬತ್ತರ ದಶಕದ ಕೊನೆಗೆ, ರಾಜ್ಯಗಳ ಬೊಕ್ಕಸ ಏದುಸಿರು ಬಿಡುತ್ತಿತ್ತು. ಜನ ಜಾಸ್ತಿ ವರ್ಷ ಬದುಕತೊಡಗಿದ್ದರು. ಸಂಬಳ ಏರಿದಾಗೆಲ್ಲ ಪಿಂಚಣಿಯೂ ಏರುತ್ತಿತ್ತು. ಕೇಂದ್ರ ಸರ್ಕಾರ 2001ರಲ್ಲಿ ಒಂದು ಉನ್ನತ ಮಟ್ಟದ ತಜ್ಞರ ತಂಡ ಮಾಡಿತು. ಅದರ ಮುಖ್ಯಸ್ಥರು ಬಿ.ಕೆ. ಭಟ್ಟಾಚಾರ್ಯ, ನಮ್ಮ ಕರ್ನಾಟಕದ ಮುಖ್ಯ ಕಾರ್ಯದರ್ಶಿ ಆಗಿದ್ದವರು. 2002ರಲ್ಲಿ ಆ ತಂಡ ಕೊಟ್ಟ ವರದಿ ಒಂದು ನಡುದಾರಿ ತೋರಿಸಿತು. ನೌಕರರೂ ಕಟ್ಟಲಿ, ಸರ್ಕಾರವೂ ಅಷ್ಟೇ ಕಟ್ಟಲಿ, ಆದರೆ ಕೊನೆಗೆ ಕೈಗೆ ಬರುವ ಪಿಂಚಣಿ ಇಷ್ಟು ಅಂತ ಖಾತ್ರಿಯೂ ಇರಲಿ ಎಂದು.

ಕೇಂದ್ರ ಅದರಲ್ಲಿ ಮೊದಲರ್ಧ ಇಟ್ಟುಕೊಂಡಿತು. ಖಾತ್ರಿಯನ್ನು ಕೈಬಿಟ್ಟಿತು. 2003ರ ಡಿಸೆಂಬರ್ 22ಕ್ಕೆ ಅಧಿಸೂಚನೆ ಬಂತು. 2004ರ ಜನವರಿ 1ರಿಂದ ಸೇರುವ ಕೇಂದ್ರ ನೌಕರರಿಗೆಲ್ಲ ಹೊಸ ಪದ್ಧತಿ, ಸೇನೆಯವರನ್ನು ಬಿಟ್ಟು. ಒಂದೊಂದೇ ರಾಜ್ಯ ಹಿಂದೆ ಬಂತು. ಪಶ್ಚಿಮ ಬಂಗಾಳ ಬರಲೇ ಇಲ್ಲ. ಅಕ್ಕ ಕೆಲಸಕ್ಕೆ ಸೇರಿದಾಗ ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ. ಸರ್ಕಾರಿ ಕೆಲಸ ಸಿಕ್ಕಿತಲ್ಲ ಅಂತ ಮನೆಯಲ್ಲಿ ಹೋಳಿಗೆ ಮಾಡಿದ್ದೆವು, ಅಷ್ಟೇ.

ಈಗ ದುಡ್ಡಿನ ದಾರಿ ಹಿಡಿಯೋಣ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಮೂಲ ವೇತನ, ತುಟ್ಟಿಭತ್ಯೆ ಸೇರಿ 50,000 ರೂಪಾಯಿ ಅಂದುಕೊಳ್ಳಿ. ಅದರಲ್ಲಿ ಶೇ 10, ಅಂದರೆ 5,000 ರೂಪಾಯಿ ಸಂಬಳದಲ್ಲೇ ಕಡಿತ. ಸರ್ಕಾರದ ಪಾಲೂ ಮೊದಲು ಶೇ 10 ಇತ್ತು. ಕೇಂದ್ರ 2019ರಲ್ಲಿ ಅದನ್ನು ಶೇ 14 ಮಾಡಿತು, ಆಮೇಲೆ ಕರ್ನಾಟಕವೂ ಮಾಡಿತು. ಹಾಗಾಗಿ ಸರ್ಕಾರದಿಂದ 7,000. ತಿಂಗಳಿಗೆ ಒಟ್ಟು 12,000. ಬಿಲ್ ಮಾಡುವುದು ಬಟವಾಡೆ ಅಧಿಕಾರಿ. ಪ್ರತಿ ನೌಕರರಿಗೂ ಪ್ರಾನ್ ಅನ್ನುವ 12 ಅಂಕಿಯ ನಂಬರ್ ಇದೆ. ಖಜಾನೆಯಿಂದ ಹೊರಟ ದುಡ್ಡು ಟ್ರಸ್ಟಿ ಬ್ಯಾಂಕಿಗೆ ಹೋಗುತ್ತದೆ. ಯಾರದು ಎಷ್ಟು ಅನ್ನುವ ಲೆಕ್ಕ ಇಡುವ ಸಂಸ್ಥೆ ಬೇರೆ. ಹಿಂದೆ ಎನ್‌ಎಸ್‌ಡಿಎಲ್ ಅಂತಿದ್ದ ಅದರ ಹೆಸರು ಈಗ ಪ್ರೋಟಿಯನ್. ನೌಕರರ ಪರವಾಗಿ ಆಸ್ತಿಯ ಒಡೆತನ ಎನ್‌ಪಿಎಸ್ ಟ್ರಸ್ಟ್‌ನದು, ಅದು ಹುಟ್ಟಿದ್ದು 2008ರಲ್ಲಿ. ಇವರೆಲ್ಲರ ಮೇಲೆ ನಿಯಂತ್ರಕ ಪಿಎಫ್‌ಆರ್‌ಡಿಎ. ಅದಕ್ಕೆ ಕಾಯ್ದೆಯ ಬಲ ಸಿಕ್ಕಿದ್ದು ಮಾತ್ರ 2013ರಲ್ಲಿ. ಅಲ್ಲಿವರೆಗೂ ಲಕ್ಷಾಂತರ ಜನರ ಮುಪ್ಪಿನ ದುಡ್ಡು ಬರೀ ಸರ್ಕಾರಿ ಆದೇಶಗಳ ಮೇಲೆ ನಡೆಯುತ್ತಿತ್ತು ಅನ್ನೋದು ನನಗೆ ಈಗಲೂ ವಿಚಿತ್ರ ಅನಿಸುತ್ತದೆ.

ಈ ಸರಪಳಿಯ ಅತಿ ದುರ್ಬಲ ಕೊಂಡಿ ಮುಂಬೈಯಲ್ಲಿಲ್ಲ, ಹತ್ತಿರದಲ್ಲೇ ಇದೆ. ಅಕ್ಕನಿಗೆ ಒಮ್ಮೆ ವರ್ಗಾವಣೆ ಆದಾಗ ಎರಡು ತಿಂಗಳ ಕಂತು ಸಂಬಳದಲ್ಲಿ ಕಡಿತವಾಗಿತ್ತು, ಖಾತೆಗೆ ಬಿದ್ದಿರಲಿಲ್ಲ. ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಸರಿಯಾಯಿತು. ತಡವಾದ ಕಂತಿಗೆ ಅದು ತಲುಪಿದ ದಿನದ ದರದಲ್ಲೇ ಯೂನಿಟ್ (ನಿಧಿಯಲ್ಲಿನ ಪಾಲು) ಸಿಗುತ್ತದೆ, ಮಧ್ಯದ ಏರಿಕೆ ಹೋದಂತೆಯೇ.

ಯೂನಿಟ್ ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಸರ್ಕಾರಿ ನೌಕರರ ದುಡ್ಡು ತಾನಾಗಿಯೇ ಮೂರು ಕಡೆ ಹಂಚಿಹೋಗುತ್ತದೆ. ಎಸ್‌ಬಿಐ, ಎಲ್‌ಐಸಿ, ಯುಟಿಐ, ಈ ಮೂವರ ಪಿಂಚಣಿ ನಿಧಿ ಕಂಪನಿಗಳಿಗೆ. ಅವರು ಅದರಲ್ಲಿ ಸಾಲಪತ್ರ, ಷೇರು ಕೊಳ್ಳುತ್ತಾರೆ. ಆ ಗಂಟಿನ ಅವತ್ತಿನ ಪೇಟೆ ಬೆಲೆಯನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ. ಅಕ್ಕನ ಮೊಬೈಲ್‌ನಲ್ಲಿ ಕಾಣುವ ಮೊತ್ತ ದಿನಾ ಆಡುವುದು ಇದರಿಂದ.

ಹಾಗಾದರೆ ಭಾವ ಹೇಳಿದ್ದು ನಿಜವೇ? ಸ್ವಲ್ಪ ಮಾತ್ರ. ಈ ನಿಗದಿತ ಮಾದರಿಯಲ್ಲಿ ಷೇರಿನ ಪಾಲು ಬಹಳ ವರ್ಷ ಶೇ 15 ದಾಟುವಂತೆಯೇ ಇರಲಿಲ್ಲ. ದೊಡ್ಡ ಪಾಲು ಸರ್ಕಾರಿ ಸಾಲಪತ್ರಗಳಿಗೆ, ಉಳಿದದ್ದರಲ್ಲಿ ಹೆಚ್ಚಿನದು ಕಂಪನಿಗಳ ಬಾಂಡ್‌ಗೆ. ಸರ್ಕಾರಿ ಸಾಲಪತ್ರ ಅಂದರೆ ದೆಹಲಿಯದು ಮಾತ್ರವಲ್ಲ, ರಾಜ್ಯಗಳದ್ದೂ ಸೇರಿದೆ. ಕರ್ನಾಟಕವೂ ಇಂಥ ಸಾಲಪತ್ರ ಹೊರಡಿಸಿಯೇ ರಸ್ತೆ, ಕೆರೆಗೆ ದುಡ್ಡು ಹೊಂದಿಸುತ್ತದೆ. ಹಾಗಾಗಿ ಅಕ್ಕನ ಕಂತು ಸುತ್ತಿ ಬಳಸಿ ಮತ್ತೆ ವಿಧಾನಸೌಧದ ಬಾಗಿಲಿಗೇ ಬರಬಹುದು. ವ್ಯತ್ಯಾಸ ಇಷ್ಟೇ. ಈ ಸಲ ಅದು ಸಾಲ, ಬಡ್ಡಿ ಕಟ್ಟಲೇಬೇಕು.

ಸಾಲಪತ್ರ ಅಂದರೆ ಏರಿಳಿತವೇ ಇಲ್ಲ ಅಂತಲ್ಲ. 2022ರ ಮೇಯಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಹೊಸ ಬಾಂಡ್‌ಗೆ ಜಾಸ್ತಿ ಬಡ್ಡಿ ಸಿಗುವಾಗ ಕಡಿಮೆ ಬಡ್ಡಿಯ ಹಳೆಯದನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ? ಅದರ ಬೆಲೆ ಇಳಿಯುತ್ತದೆ, ಜೊತೆಗೆ ಎನ್‌ಎವಿ ಕೂಡ. ಕಂಪನಿ ಬಾಂಡ್‌ನ ಅಪಾಯ ಬೇರೆ ಥರದ್ದು. 2018ರಲ್ಲಿ ಐಎಲ್ ಆಂಡ್ ಎಫ್‌ಎಸ್ ಅನ್ನುವ ದೊಡ್ಡ ಹಣಕಾಸು ಕಂಪನಿ ಮುಳುಗಿದಾಗ ಪಿಂಚಣಿ ನಿಧಿಗಳ ದುಡ್ಡೂ ಅಲ್ಲಿ ಸಿಕ್ಕಿಕೊಂಡಿತ್ತು. ಕೆಲವೇ ವಾರ ಮೊದಲು ಅದಕ್ಕೆ ಅತಿ ಸುರಕ್ಷಿತ ಅನ್ನುವ ಟ್ರಿಪಲ್ ಎ ರೇಟಿಂಗ್ ಇತ್ತು.

ಖರ್ಚಿನ ವಿಷಯದಲ್ಲಿ ಮಾತ್ರ ಈ ವ್ಯವಸ್ಥೆಯನ್ನು ಮೆಚ್ಚಲೇಬೇಕು. 2021ರ ದರದ ಪ್ರಕಾರ ನಿಧಿ ನಡೆಸುವ ಶುಲ್ಕ ಹೆಚ್ಚೆಂದರೆ ಶೇ 0.09 ಇತ್ತು. ಲಕ್ಷ ರೂಪಾಯಿಗೆ ವರ್ಷಕ್ಕೆ 90 ರೂಪಾಯಿ.

ಹಾಗಾದರೆ ಜನರ ಸಿಟ್ಟು ಯಾತಕ್ಕೆ? ನಿವೃತ್ತಿಯ ದಿನ ನೋಡಿ. ಗಂಟು 40 ಲಕ್ಷ ಆಗಿದೆ ಅಂದುಕೊಳ್ಳಿ. ಶೇ 60ರವರೆಗೆ, ಅಂದರೆ 24 ಲಕ್ಷ ಕೈಗೆ ಬರುತ್ತದೆ. ಉಳಿದ 16 ಲಕ್ಷಕ್ಕೆ ವಿಮಾ ಕಂಪನಿಯಿಂದ ಆನ್ಯುಯಿಟಿ ಕೊಳ್ಳಬೇಕು, ಅಂದರೆ ಇಡಿಗಂಟು ಕೊಟ್ಟು ತಿಂಗಳು ತಿಂಗಳು ಪಿಂಚಣಿ ಪಡೆಯುವ ಒಪ್ಪಂದ. ಶೇ 6.5 ಸಿಕ್ಕರೆ ತಿಂಗಳಿಗೆ ಸುಮಾರು 8,670 ರೂಪಾಯಿ. ಸಾಮಾನ್ಯವಾಗಿ ಸಿಗುವ ಆನ್ಯುಯಿಟಿಯಲ್ಲಿ ತುಟ್ಟಿಭತ್ಯೆ ಇಲ್ಲ. ಅಕ್ಕಿ ಬೆಲೆ ಏರಿದರೂ ಅಷ್ಟೇ, ಮಾತ್ರೆ ಬೆಲೆ ಏರಿದರೂ ಅಷ್ಟೇ. ತಡವಾಗಿ ಕೆಲಸ ಸಿಕ್ಕಿ ಹತ್ತು ಹದಿನೈದು ವರ್ಷ ಮಾತ್ರ ದುಡಿದವರ ಗಂಟು ಇದರ ಅರ್ಧವೂ ಇರುವುದಿಲ್ಲ. ಮೊದಮೊದಲು ನಿವೃತ್ತರಾದವರು ಇಂಥವರೇ. ಅವರ ಪಿಂಚಣಿ ಚೀಟಿಗಳ ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಹೋರಾಟಕ್ಕೆ ಬಿಸಿ ಏರಿದ್ದು ಅಲ್ಲಿಂದಲೇ.

2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತರು. 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದವು. ಶೇ 17 ಮಧ್ಯಂತರ ಪರಿಹಾರ, ಹಳೇ ಪಿಂಚಣಿ ಬಗ್ಗೆ ಅಧ್ಯಯನಕ್ಕೆ ಒಂದು ಸಮಿತಿ ಅಂತ ಸರ್ಕಾರ ಹೇಳಿದ ಮೇಲೆ ಮುಷ್ಕರ ಅವತ್ತೇ ನಿಂತಿತು. 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ ಸುಮಾರು 13,000 ಜನರನ್ನು ಹಳೇ ಪಿಂಚಣಿಗೆ ಸೇರಿಸಿತು. 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿ, ಆದೇಶ ತಡವಾಗಿ ಕೈಗೆ ಬಂದವರು ಇವರು. ಅಕ್ಕನ ಅಧಿಸೂಚನೆ ಆಮೇಲಿನದು.

ಪೂರ್ತಿ ವಾಪಸ್ ಹೋಗುವುದಕ್ಕೆ ಇನ್ನೊಂದು ತೊಡಕಿದೆ. ರಾಜಸ್ಥಾನ, ಛತ್ತೀಸ್‌ಗಢ, ಹಿಮಾಚಲ ಹಳೇ ಪದ್ಧತಿ ಘೋಷಿಸಿ, ಕಟ್ಟಿದ ದುಡ್ಡು ಕೊಡಿ ಅಂತ ಕೇಳಿದವು. ಅದು ರಾಜ್ಯದ ದುಡ್ಡಲ್ಲ, ಒಬ್ಬೊಬ್ಬ ನೌಕರರ ಹೆಸರಿನಲ್ಲಿದೆ, ವಾಪಸ್ ಕೊಡಲು ಕಾಯ್ದೆಯಲ್ಲಿ ಅವಕಾಶ ಇಲ್ಲ ಅಂತ ಕೇಂದ್ರ ಹೇಳಿತು. ಬೇರೆ ದಿನ ಇದೇ ನಿಯಮ ನೌಕರರ ರಕ್ಷಣೆಗೆ ಬರುತ್ತದೆ. ಬರಗಾಲದ ವರ್ಷವೂ ಯಾವ ಸರ್ಕಾರವೂ ಆ ಗಂಟಿಗೆ ಕೈ ಹಾಕುವಂತಿಲ್ಲ.

2024ರ ಆಗಸ್ಟ್ 24ರಂದು ಕೇಂದ್ರ ಸಂಪುಟ ಏಕೀಕೃತ ಪಿಂಚಣಿಗೆ ಒಪ್ಪಿಗೆ ಕೊಟ್ಟಿತು. 2025ರ ಏಪ್ರಿಲ್ 1ರಿಂದ ಜಾರಿ. ನೌಕರರು ಶೇ 10 ಕಟ್ಟುತ್ತಾರೆ, ಸರ್ಕಾರ ಶೇ 18.5 ಹಾಕುತ್ತದೆ. 25 ವರ್ಷ ಸೇವೆಯಾದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ, ಮೇಲೆ ತುಟ್ಟಿ ಪರಿಹಾರ. ದುಡ್ಡೂ ಕಟ್ಟಬೇಕು, ಖಾತ್ರಿಯೂ ಇದೆ. ಭಟ್ಟಾಚಾರ್ಯ ತಂಡ 2002ರಲ್ಲಿ ಹೇಳಿದ್ದರ ಹತ್ತಿರಕ್ಕೆ ಇಪ್ಪತ್ತೆರಡು ವರ್ಷ ಸುತ್ತಿ ಬಂದಂತಾಯಿತು, ಅಲ್ವಾ? ಬೇಕಾದ ರಾಜ್ಯಗಳು ಇದನ್ನು ತೆಗೆದುಕೊಳ್ಳಬಹುದು. ಮಹಾರಾಷ್ಟ್ರ ಮೊದಲು ಹ್ಞೂಂ ಅಂದಿತು.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಷೇರಿನ ಮಾತು ಮುಗಿದಿದ್ದಕ್ಕೆ ಭಾವನಿಗೆ ಸ್ವಲ್ಪ ಬೇಜಾರಾಯಿತು. ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ನಾನು ರಿಟೈರ್ ಆಗೋ ದಿನ ಬಡ್ಡಿ ದರ ಶೇ 5 ಇದ್ದರೆ?" 16 ಲಕ್ಷಕ್ಕೆ ತಿಂಗಳಿಗೆ 6,670 ರೂಪಾಯಿ ಅಂದೆ. ಅವಳು ಅದನ್ನು ಪೇ ಸ್ಲಿಪ್‌ನ ಹಿಂದೆ ಬರೆದುಕೊಂಡಳು.